ಬೆಂಗಳೂರು ನಗರದಲ್ಲಿ ಅಲ್ಪಾವಧಿಗೆ ಸುರಕ್ಷಿತ ಬಾಡಿಗೆ ಮನೆ ಪಡೆಯುವ ಬಗ್ಗೆ ಸಾರ್ವಜನಿಕ ಮಾಹಿತಿ

ಪೀಠಿಕೆ

ವೈದ್ಯಕೀಯ ಚಿಕಿತ್ಸೆ, ತರಬೇತಿ, ಪರೀಕ್ಷಾ ಸಿದ್ಧತೆ ಹಾಗೂ ತಾತ್ಕಾಲಿಕ ಉದ್ಯೋಗದ ನಿಮಿತ್ತ ರಾಜ್ಯದ ಎಲ್ಲ ಜಿಲ್ಲೆಗಳಿಂದ ನಾಗರಿಕರು ಕೆಲವು ತಿಂಗಳುಗಳ ಮಟ್ಟಿಗೆ ಬೆಂಗಳೂರಿಗೆ ಬರುತ್ತಾರೆ. ನಗರದ ಪರಿಚಯವಿಲ್ಲದಿರುವುದು ಮತ್ತು ಮನೆಯ ತುರ್ತು ಅವಶ್ಯಕತೆ, ಈ ಎರಡನ್ನೂ ವಂಚಕರು ದುರುಪಯೋಗಪಡಿಸಿಕೊಳ್ಳುತ್ತಾರೆ. ಚಿಕಿತ್ಸೆಗೆಂದು ಕೂಡಿಟ್ಟ ಹಣವು ಕಾಣದ ಮನೆಯ ಮುಂಗಡಕ್ಕೆ ಸಂದಾಯವಾಗಿ ಕೈತಪ್ಪಿದಲ್ಲಿ ಅದನ್ನು ಮರಳಿ ಪಡೆಯುವುದು ಕಷ್ಟಸಾಧ್ಯ. ಆದುದರಿಂದ ಹಣ ಪಾವತಿಸುವ ಮೊದಲು ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ನೀಡಲಾಗಿದೆ.

1. ಸ್ಥಳದ ಆಯ್ಕೆ

ಬಂದ ಉದ್ದೇಶಕ್ಕೆ ಹತ್ತಿರವಾದ ಬಡಾವಣೆಯನ್ನು ಮೊದಲು ಗುರುತಿಸಬೇಕು. ನಿಮ್ಹಾನ್ಸ್ ಮತ್ತು ಕಿದ್ವಾಯಿ ಗಂಥಿ ಸಂಸ್ಥೆಗಳು ಹೊಸೂರು ರಸ್ತೆಯ ಭಾಗದಲ್ಲಿಯೂ, ಜಯದೇವ ಹೃದ್ರೋಗ ಸಂಸ್ಥೆಯು ಬನ್ನೇರುಘಟ್ಟ ರಸ್ತೆಯಲ್ಲಿಯೂ ಇವೆ. ಇವುಗಳಿಗೆ ಬರುವವರಿಗೆ ವಿಲ್ಸನ್ ಗಾರ್ಡನ್, ಜಯನಗರ ಹಾಗೂ ಬಿ.ಟಿ.ಎಂ. ಬಡಾವಣೆಗಳು ಸಮೀಪವಾಗುತ್ತವೆ. ಆಗಸ್ಟ್ 2025ರಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಹಳದಿ ಮಾರ್ಗವು ಆರಂಭವಾಗಿರುವುದರಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಯ ಬಡಾವಣೆಗಳಿಂದಲೂ ಜಯದೇವ ಆಸ್ಪತ್ರೆಯನ್ನು ತಲುಪಬಹುದಾಗಿದೆ. ರೋಗಿಗಳ ಸಂಬಂಧಿಕರು ಬಾಡಿಗೆ ಮನೆ ಹುಡುಕುವ ಮೊದಲು ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ಧರ್ಮಶಾಲೆಯ ಸೌಲಭ್ಯದ ಬಗ್ಗೆ ವಿಚಾರಿಸುವುದು ಸೂಕ್ತ.

2. ಮನೆ ಹಾಗೂ ಮಾಲೀಕತ್ವದ ಪರಿಶೀಲನೆ

ಅ) ಮನೆಯನ್ನು ಖುದ್ದಾಗಿ ಅಥವಾ ನಂಬಿಕಸ್ಥರ ಮೂಲಕ ಒಳಹೊಕ್ಕು ನೋಡದೆ ಯಾವುದೇ ಮೊತ್ತ ಪಾವತಿಸಬಾರದು. ಛಾಯಾಚಿತ್ರಗಳು ಬೇರೊಂದು ಮನೆಯವಾಗಿರುವ ಸಾಧ್ಯತೆ ಇರುತ್ತದೆ.

ಆ) ಬಾಡಿಗೆಗೆ ನೀಡುವವರ ಗುರುತಿನ ಚೀಟಿಯಲ್ಲಿರುವ ಹೆಸರನ್ನು ಇತ್ತೀಚಿನ ಆಸ್ತಿ ತೆರಿಗೆ ರಸೀದಿ ಅಥವಾ ಖಾತಾದಲ್ಲಿರುವ ಹೆಸರಿನೊಂದಿಗೆ ತಾಳೆ ನೋಡಬೇಕು. ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯನ್ನು ಮೀಟರಿನೊಂದಿಗೆ ಹೋಲಿಸಬೇಕು.

ಇ) ಮಾಲೀಕರ ಬದಲು ಬೇರೆಯವರು ವ್ಯವಹರಿಸುತ್ತಿದ್ದಲ್ಲಿ ಅಧಿಕಾರ ಪತ್ರವನ್ನು ಕೇಳಿ ಪಡೆಯಬೇಕು ಮತ್ತು ಮಾಲೀಕರೊಂದಿಗೆ ನೇರವಾಗಿ ಮಾತನಾಡಬೇಕು. ಮಧ್ಯವರ್ತಿಯು ಮಾಲೀಕರಿಂದ ಬಾಡಿಗೆಗೆ ಪಡೆದ ಮನೆಯನ್ನು ಮತ್ತೊಬ್ಬರಿಗೆ ಭೋಗ್ಯಕ್ಕೆ ನೀಡಿ, ಇಡಿಗಂಟನ್ನು ಪಡೆದು ಕಣ್ಮರೆಯಾಗುವ ಪ್ರಕರಣಗಳು ನಗರದಲ್ಲಿ ನಡೆದಿವೆ. ಭೋಗ್ಯದಂತಹ ದೊಡ್ಡ ಮೊತ್ತದ ವ್ಯವಹಾರದಲ್ಲಿ ಕಾವೇರಿ 2.0 ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರ ಪಡೆದು, ನೋಂದಾಯಿತ ಅಡಮಾನಗಳಿವೆಯೇ ಎಂಬುದನ್ನು ತಿಳಿಯಬೇಕು.

ಈ) ಅಪಾರ್ಟ್‌ಮೆಂಟ್ ಸಮುಚ್ಚಯವಾದಲ್ಲಿ ನಿವಾಸಿಗಳ ಸಂಘದ ಕಚೇರಿಯಲ್ಲಿ ವಿಚಾರಿಸಬೇಕು. ಮನೆ ಯಾರದು, ಅಲ್ಪಾವಧಿ ಬಾಡಿಗೆಗೆ ಸಂಘದ ಒಪ್ಪಿಗೆ ಇದೆಯೇ ಎಂಬ ಎರಡೂ ವಿಷಯಗಳು ಅಲ್ಲಿಯೇ ತಿಳಿಯುತ್ತವೆ.

3. ಮನೆಯೊಳಗಿನ ಸುರಕ್ಷತೆ

ಸ್ನಾನಗೃಹದೊಳಗೆ ಗ್ಯಾಸ್ ಗೀಸರ್ ಅಳವಡಿಸಿದ್ದು ಗಾಳಿಯಾಡಲು ಕಿಟಕಿ ಇಲ್ಲದಿದ್ದಲ್ಲಿ ಅಂತಹ ಮನೆಯನ್ನು ಒಪ್ಪಿಕೊಳ್ಳಬಾರದು. ಅನಿಲವು ಅಪೂರ್ಣವಾಗಿ ಉರಿದಾಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಎಚ್ಚರಿಕೆಯ ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಿ ಸಾವು ಸಂಭವಿಸಬಹುದು. ಇದರೊಂದಿಗೆ ಮುಖ್ಯದ್ವಾರದ ಬೀಗ, ಒಳಗಿನ ಅಗುಳಿ, ಮೆಟ್ಟಿಲಿನ ದಾರಿ ತೆರವಾಗಿರುವುದು, ನೀರಿನ ಮೂಲ ಹಾಗೂ ಕತ್ತಲಾದ ನಂತರ ರಸ್ತೆಯ ಬೆಳಕನ್ನು ಪರಿಶೀಲಿಸಬೇಕು. ಮನೆಯ ಕೀಲಿಗಳು ಇನ್ನು ಯಾರ ಬಳಿ ಇವೆ ಎಂಬುದನ್ನು ಕೇಳಿ ತಿಳಿಯಬೇಕು.

4. ಕರಾರು ಪತ್ರ

1908ರ ನೋಂದಣಿ ಕಾಯ್ದೆಯ 17ನೇ ಪ್ರಕರಣದಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸತಕ್ಕದ್ದು. 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ಅವಧಿ ಎರಡೇ ತಿಂಗಳಾದರೂ ಕರಾರು ಲಿಖಿತವಾಗಿರಬೇಕು ಹಾಗೂ ನಿಗದಿತ ಮುದ್ರಾಂಕ ಶುಲ್ಕ ಪಾವತಿಸಿದ ಪತ್ರದಲ್ಲಿರಬೇಕು. ಅದರಲ್ಲಿ ಈ ಅಂಶಗಳು ಸ್ಪಷ್ಟವಾಗಿರಬೇಕು:

- ಬಾಡಿಗೆ, ನಿರ್ವಹಣಾ ಶುಲ್ಕ, ವಿದ್ಯುತ್ ಮತ್ತು ನೀರಿನ ವೆಚ್ಚವನ್ನು ಯಾರು ಭರಿಸಬೇಕು.
- ಮುಂಗಡದ ಮೊತ್ತ ಮತ್ತು ಮನೆ ತೆರವು ಮಾಡಿದ ಎಷ್ಟು ದಿನಗಳೊಳಗೆ ಅದನ್ನು ಹಿಂದಿರುಗಿಸಬೇಕು.
- ಬಣ್ಣ ಬಳಿಯಲು ಮುಂಗಡದಿಂದ ಕಡಿತ ಇದೆಯೇ, ಇದ್ದಲ್ಲಿ ಎಷ್ಟು. ಎರಡು ತಿಂಗಳು ವಾಸಿಸುವವರು ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಕಳೆದುಕೊಳ್ಳುವುದು ನ್ಯಾಯಯುತವಲ್ಲ. ಇದನ್ನು ಮೊದಲೇ ಮಾತನಾಡಿಕೊಳ್ಳಬೇಕು.
- ಮನೆ ತೆರವಿಗೆ ನೀಡಬೇಕಾದ ಸೂಚನೆಯ ಅವಧಿ. ಕರಾರಿನಲ್ಲಿ ಈ ಬಗ್ಗೆ ಏನೂ ಇಲ್ಲದಿದ್ದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಪ್ರಕರಣದಂತೆ ವಾಸದ ಮನೆಯ ಬಾಡಿಗೆಯನ್ನು ತಿಂಗಳಿನಿಂದ ತಿಂಗಳಿಗೆ ಎಂದು ಪರಿಗಣಿಸಿ 15 ದಿನಗಳ ಸೂಚನೆ ಅನ್ವಯವಾಗುತ್ತದೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ಪದ್ಧತಿ ಬಹುಕಾಲದಿಂದ ಇದ್ದಿತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಆದರೆ ಇದು ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಜಾರಿಗೆ ಬರುವಂತಹದ್ದು. ಅಲ್ಪಾವಧಿಯ ಬಾಡಿಗೆಗೆ ಮುಂಗಡವನ್ನು ಚೌಕಾಸಿ ಮಾಡುವಾಗ ಇದನ್ನು ಉಲ್ಲೇಖಿಸಬಹುದು.

5. ಹಣ ಪಾವತಿ ಹಾಗೂ ದಾಖಲೆಗಳು

ಹಣವನ್ನು ಬ್ಯಾಂಕ್ ಖಾತೆಯ ಮೂಲಕ, ಕರಾರಿನಲ್ಲಿರುವ ವ್ಯಕ್ತಿಯ ಹೆಸರಿಗೇ ಪಾವತಿಸಿ ರಸೀದಿ ಪಡೆಯಬೇಕು. ಸೇನೆಯ ಅಥವಾ ಅರೆಸೇನಾ ಪಡೆಯ ಅಧಿಕಾರಿಯೆಂದು ಪರಿಚಯಿಸಿಕೊಂಡು, ಬೇರೆ ಊರಿಗೆ ವರ್ಗವಾಗಿದೆಯೆಂದು ತಿಳಿಸಿ, ಮನೆ ನೋಡಲು ಪ್ರವೇಶ ಶುಲ್ಕ ಕೇಳುವುದು ವಂಚನೆಯ ಸಾಮಾನ್ಯ ವಿಧಾನ. ಯುಪಿಐ ಮೂಲಕ ಹಣ ಸ್ವೀಕರಿಸಲು ಪಿನ್ ನಮೂದಿಸುವ ಅಗತ್ಯವಿಲ್ಲ. ಪಿನ್ ಕೇಳಿದಲ್ಲಿ ಹಣ ಕಡಿತವಾಗುತ್ತದೆ ಎಂದೇ ತಿಳಿಯಬೇಕು. ಆಧಾರ್ ಪ್ರತಿ ನೀಡಬೇಕಾದಾಗ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕಿದ ಆಧಾರ್ ನೀಡಬಹುದು.

ಮನೆಗೆ ಪ್ರವೇಶಿಸುವ ದಿನ ಗೋಡೆ, ನಲ್ಲಿ, ಪೀಠೋಪಕರಣಗಳ ಛಾಯಾಚಿತ್ರ ತೆಗೆದು, ಮೀಟರಿನ ಅಂಕಿಯನ್ನು ಬರೆದು ಮಾಲೀಕರಿಗೆ ಕಳುಹಿಸಬೇಕು. ಮುಂಗಡ ಹಿಂಪಡೆಯುವಾಗ ಇವೇ ಸಾಕ್ಷ್ಯಗಳಾಗುತ್ತವೆ.

6. ತೊಂದರೆಯಾದಲ್ಲಿ

- ಆನ್‌ಲೈನ್ ವಂಚನೆ: ತಕ್ಷಣ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ದಾಖಲಾದಷ್ಟೂ ಹಣವನ್ನು ವಂಚಕರ ಖಾತೆಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.
- ಬೆದರಿಕೆ ಅಥವಾ ತುರ್ತು ಸಂದರ್ಭ: 112. ಮಹಿಳಾ ಸಹಾಯವಾಣಿ: 181.
- ಬಲವಂತದ ತೆರವು: ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟ ಬಾಡಿಗೆದಾರರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಪ್ರಕರಣದಡಿ ಆರು ತಿಂಗಳೊಳಗೆ ಸ್ವಾಧೀನಕ್ಕಾಗಿ ದಾವೆ ಹೂಡಬಹುದು.
- ಸರ್ವಿಸ್ ಅಪಾರ್ಟ್‌ಮೆಂಟ್‌ಗಳ ಸೇವಾ ನ್ಯೂನತೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
- ಉಚಿತ ಕಾನೂನು ನೆರವು: 15100. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಮಿತಿಯಿಲ್ಲದೆ ಅರ್ಹರಾಗಿರುತ್ತಾರೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ನಿರ್ದಿಷ್ಟ ವಿವಾದಗಳಲ್ಲಿ ವಕೀಲರ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಪಡೆಯತಕ್ಕದ್ದು.