ವೈರಾಣುವಿಲ್ಲದೆ ಬರುವ ಜ್ವರ, ವೈರಾಣುವಿನಿಂದ ಕೆರಳುವ ಜ್ವರ: ಆನುವಂಶಿಕ ಸ್ವಯಂ-ಉರಿಯೂತ ರೋಗಗಳ ಅಧ್ಯಯನ ನಡೆದುಬಂದ ದಾರಿ

ಘಟಪ್ರಭೆಯ ಸೀಮೆಯಲ್ಲಿರುವ ತುಕ್ಕಾನಟ್ಟಿ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಮಳೆಗಾಲ ಹಿಡಿದ ಮೇಲೆ ಮಕ್ಕಳಿಗೆ ಬರುವ ಜ್ವರವನ್ನು ‘ವೈರಲ್’ ಎನ್ನುವುದು ರೂಢಿಯಾಗಿದ್ದು, ಬಹುಪಾಲು ಸಂದರ್ಭಗಳಲ್ಲಿ ಆ ಮಾತು ನಿಜವೂ ಆಗಿರುತ್ತದೆ. ಆದರೆ ಅದೇ ಜ್ವರ, ಅದೇ ಹೊಟ್ಟೆನೋವು ಅಥವಾ ಕೀಲುನೋವು, ಅದೇ ದದ್ದುಗಳು ಒಂದೇ ಮಗುವಿಗೆ ವರ್ಷವಿಡೀ ಮರುಕಳಿಸುತ್ತ, ನಡುವಿನ ದಿನಗಳಲ್ಲಿ ಮಗು ಆರೋಗ್ಯವಾಗಿದ್ದರೆ, ಅಲ್ಲಿ ಬೇರೊಂದು ಕಾರಣವನ್ನು ಹುಡುಕಬೇಕಾಗುತ್ತದೆ. ಹುಟ್ಟಿನಿಂದಲೇ ವಂಶವಾಹಿಯಲ್ಲಿ ದೋಷವಿದ್ದು, ಸೋಂಕಿಲ್ಲದಿದ್ದರೂ ದೇಹದ ರಕ್ಷಣಾ ವ್ಯವಸ್ಥೆ ತಾನಾಗಿಯೇ ಉರಿಯೂತವನ್ನು ಎಬ್ಬಿಸುವ ಸ್ಥಿತಿಗಳನ್ನು ಸ್ವಯಂ-ಉರಿಯೂತ ರೋಗಗಳೆಂದು ಕರೆಯಲಾಗುತ್ತದೆ. ಪ್ರತಿಕಾಯಗಳು ಮತ್ತು ಲಿಂಫೋಸೈಟ್‌ಗಳು ದೇಹದ ಮೇಲೆಯೇ ತಿರುಗಿಬೀಳುವ ಆಟೋಇಮ್ಯೂನ್ ರೋಗಗಳಿಗಿಂತ ಇವು ಬೇರೆ. ಇಲ್ಲಿ ಹಾದಿ ತಪ್ಪುವುದು ಸೂಕ್ಷ್ಮಜೀವಿಯನ್ನು ಎಲ್ಲಕ್ಕಿಂತ ಮೊದಲು ಗುರುತಿಸುವ ಸಹಜ ರೋಗನಿರೋಧಕ ವ್ಯವಸ್ಥೆ.

ಈ ಅಧ್ಯಯನದ ಆರಂಭಕ್ಕೂ ವೈರಾಣುವಿಗೂ ನಂಟಿರಲಿಲ್ಲ. 1945ರಲ್ಲಿ ನ್ಯೂಯಾರ್ಕಿನ ಶೆಪರ್ಡ್ ಸೀಗಲ್ ಅವರು ಮರುಕಳಿಸುವ ಜ್ವರ ಮತ್ತು ಹೊಟ್ಟೆನೋವಿನ ರೋಗವೊಂದನ್ನು ವಿವರಿಸಿದರು. ಮುಂದೆ ಅದಕ್ಕೆ ಕೌಟುಂಬಿಕ ಮೆಡಿಟರೇನಿಯನ್ ಜ್ವರ ಎಂಬ ಹೆಸರು ನಿಂತಿತು. ಗೌಟ್ ರೋಗಕ್ಕೆ ಕೊಡುತ್ತಿದ್ದ ಕಾಲ್ಚಿಸಿನ್ ಈ ಜ್ವರವನ್ನೂ ತಡೆಯುತ್ತದೆಂದು 1972ರಲ್ಲಿ ತಿಳಿದುಬಂತು. ಕರ್ನಾಟಕದ ಕಾಡಂಚಿನಲ್ಲೂ ಬೆಳೆಯುವ ಅಗ್ನಿಶಿಖೆಯ ಬೀಜ ಮತ್ತು ಗೆಡ್ಡೆಗಳಲ್ಲಿ ಇದೇ ಕಾಲ್ಚಿಸಿನ್ ಇದೆ. ಆ ಗೆಡ್ಡೆ ಪ್ರಾಣಾಂತಕ ವಿಷವಾದ್ದರಿಂದ ಅದನ್ನು ಮನೆಮದ್ದಾಗಿ ಬಳಸುವ ಮಾತೇ ಇಲ್ಲ. 1997ರಲ್ಲಿ ಎರಡು ಸಂಶೋಧನಾ ತಂಡಗಳು ಈ ರೋಗದ ವಂಶವಾಹಿಯನ್ನು ಗುರುತಿಸಿದವು. 1999ರಲ್ಲಿ ಮೈಕೆಲ್ ಮೆಕ್‌ಡರ್ಮಟ್, ಡೇನಿಯಲ್ ಕಾಸ್ಟ್ನರ್ ಮೊದಲಾದವರು ಇನ್ನೊಂದು ಮರುಕಳಿಸುವ ಜ್ವರದ ವಂಶವಾಹಿಯನ್ನು ಕಂಡುಹಿಡಿದು, ‘ಸ್ವಯಂ-ಉರಿಯೂತ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು.

ವೈರಾಣುವಿನ ಕಥೆ ಬೇರೊಂದು ದಾರಿಯಿಂದ ಬಂದು ಇಲ್ಲಿ ಸೇರಿಕೊಂಡಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಹೊಸ ವೈರಾಣುವೊಂದು ಪತ್ತೆಯಾದ 1957ರಲ್ಲಿಯೇ, ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಅವರು ವೈರಾಣು ತಗುಲಿದ ಜೀವಕೋಶಗಳು ಹೊರಸೂಸುವ ಇಂಟರ್‌ಫೆರಾನ್ ಎಂಬ ರಕ್ಷಕ ವಸ್ತುವನ್ನು ಕಂಡುಹಿಡಿದರು. ಮುಂದೆ 1984ರಲ್ಲಿ ಫ್ರಾನ್ಸಿನ ಐಕಾರ್ಡಿ ಮತ್ತು ಗುತಿಯೇರ್ ಅವರು ಕೆಲವು ಕುಟುಂಬಗಳ ಶಿಶುಗಳಲ್ಲಿ ವಿಚಿತ್ರವಾದ ಮಿದುಳು ರೋಗವೊಂದನ್ನು ವರ್ಣಿಸಿದರು. ಮಿದುಳಿನ ಆಳದಲ್ಲಿ ಸುಣ್ಣದಂಶ ಕಟ್ಟಿಕೊಂಡು, ಬೆನ್ನುಹುರಿಯ ದ್ರವದಲ್ಲಿ ಬಿಳಿರಕ್ತಕಣಗಳು ಹೆಚ್ಚಿದ್ದ ಆ ಮಕ್ಕಳು, ರೂಬೆಲ್ಲಾ ಅಥವಾ ಸೈಟೊಮೆಗಾಲೊ ವೈರಸ್ ಗರ್ಭದಲ್ಲಿಯೇ ತಗುಲಿದ ಶಿಶುಗಳಂತೆಯೇ ಕಾಣುತ್ತಿದ್ದರೂ ಯಾವ ಪರೀಕ್ಷೆಯಲ್ಲೂ ವೈರಾಣು ಸಿಗಲಿಲ್ಲ. ಒಂದೇ ತಾಯಿಯ ಎರಡನೆಯ ಮಗುವಿಗೂ ಅದೇ ಬಂದಾಗ ಇದು ಸೋಂಕಲ್ಲ, ವಂಶದಿಂದ ಬಂದದ್ದು ಎಂಬ ಗುಮಾನಿ ಬಲವಾಯಿತು. 1988ರಲ್ಲಿ ಅದೇ ದ್ರವದಲ್ಲಿ ಇಂಟರ್‌ಫೆರಾನ್ ಹೇರಳವಾಗಿರುವುದು ಗೊತ್ತಾಯಿತು. ವೈರಾಣುವೇ ಇಲ್ಲದೆ ವೈರಾಣು-ವಿರೋಧಿ ಅಸ್ತ್ರ ಹೊರಬಿದ್ದಿತ್ತು.

ಕಾರಣ ತಿಳಿಯಲು 2006ರವರೆಗೆ ಕಾಯಬೇಕಾಯಿತು. ಯಾನಿಕ್ ಕ್ರೋ ಅವರ ತಂಡ ಪತ್ತೆಮಾಡಿದ ಟ್ರೆಕ್ಸ್-1 ಎಂಬ ವಂಶವಾಹಿಯ ಕೆಲಸ, ಜೀವಕೋಶದಲ್ಲಿ ದಿಕ್ಕುತಪ್ಪಿ ಬಿದ್ದ ಡಿಎನ್‌ಎ ತುಣುಕುಗಳನ್ನು ಕತ್ತರಿಸಿ ಹಾಕುವುದು. ಅದು ಕೆಟ್ಟಾಗ ಆ ತುಣುಕುಗಳು ಉಳಿದು, ವೈರಾಣುವಿನ ಡಿಎನ್‌ಎಯನ್ನು ಗುರುತಿಸಲೆಂದೇ ಇರುವ ಸಂವೇದಕಗಳು ಸ್ವಂತ ಡಿಎನ್‌ಎಯನ್ನೇ ವೈರಿಯೆಂದು ಭಾವಿಸುತ್ತವೆ. ಇನ್ನೊಂದು ವಂಶವಾಹಿಯಾದ ಸ್ಯಾಮ್‌ಹೆಚ್‌ಡಿ-1ರ ಕಥೆ ಇನ್ನೂ ಅರ್ಥಪೂರ್ಣವಾಗಿದೆ: ಅದರ ದೋಷವೂ ಈ ರೋಗಕ್ಕೆ ಕಾರಣವೆಂದು 2009ರಲ್ಲಿ ಗುರುತಿಸಲಾಯಿತು; ಅದರ ಪ್ರೋಟೀನು 2011ರಲ್ಲಿ ಕೆಲವು ರಕ್ತಕಣಗಳೊಳಗೆ ಎಚ್‌ಐವಿ ಬೆಳೆಯದಂತೆ ತಡೆಯುವ ಕಾವಲುಗಾರನೆಂದು ಸಾಬೀತಾಯಿತು. ಅದೇ ವರ್ಷ ಕ್ರೋ ಅವರು ಇಂಥ ರೋಗಗಳ ಗುಂಪಿಗೆ ಇಂಟರ್‌ಫೆರಾನೊಪತಿ ಎಂಬ ಹೆಸರನ್ನು ಕೊಟ್ಟರು.

ವೈರಾಣು ನಿಜವಾಗಿಯೂ ಬಂದಾಗ ಈ ರೋಗಿಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸೂಕ್ಷ್ಮಜೀವಿಯ ಸುಳಿವು ಸಿಕ್ಕೊಡನೆ ಜೀವಕೋಶದೊಳಗೆ ಜೋಡಣೆಗೊಂಡು ಜ್ವರಕಾರಕ ಇಂಟರ್‌ಲ್ಯೂಕಿನ್-1ನ್ನು ಬಿಡುಗಡೆ ಮಾಡಿಸುವ ಇನ್‌ಫ್ಲಮಸೋಮ್ ಎಂಬ ಪ್ರೋಟೀನ್ ಸಮೂಹವನ್ನು 2002ರಲ್ಲಿ ಯೂರ್ಗ್ ಚೋಪ್ ಅವರ ತಂಡ ವಿವರಿಸಿತು. 2009ರಲ್ಲಿ ಇನ್‌ಫ್ಲುಯೆನ್ಝಾ ವೈರಾಣುವೂ ಅದನ್ನು ಕೆರಳಿಸುತ್ತದೆಂದು ಇಲಿಗಳ ಅಧ್ಯಯನಗಳು ತೋರಿಸಿದವು. ಈ ಸಮೂಹದಲ್ಲಿ ಮೊದಲೇ ದೋಷವಿರುವವರಲ್ಲಿ ಸಾಮಾನ್ಯ ನೆಗಡಿಯೂ ಉರಿಯೂತದ ದಾಳಿಗೆ ನೆಪವಾಗಬಲ್ಲದು. ಮೆವಲೋನೇಟ್ ಕೈನೇಸ್ ಕೊರತೆ ಎಂಬ ರೋಗದಲ್ಲಂತೂ ಶಿಶುವಿನ ಮೊದಲ ಲಸಿಕೆಯೇ ಮೊದಲ ಜ್ವರಕ್ಕೆ ದಾರಿಯಾಗುವುದುಂಟು; ಆದರೂ ಅದು ಲಸಿಕೆಯನ್ನು ಬಿಡಲು ಕಾರಣವಲ್ಲ. ರಕ್ತಕಣಗಳನ್ನೇ ಕಬಳಿಸುವ ಉರಿಯೂತದ ಬಿರುಗಾಳಿಯಾದ ಎಚ್‌ಎಲ್‌ಎಚ್ ಇದಕ್ಕಿಂತ ಘೋರವಾದದ್ದು. ಎಕ್ಸ್‌ಐಎಪಿ ಎಂಬ ವಂಶವಾಹಿಯ ದೋಷವುಳ್ಳ ಗಂಡುಮಕ್ಕಳಲ್ಲಿ, ಬೇರೆಯವರಿಗೆ ಗಂಟಲುನೋವಿನಲ್ಲಿ ಮುಗಿದುಹೋಗುವ ಎಪ್‌ಸ್ಟೀನ್-ಬಾರ್ ವೈರಾಣುವೇ ಆ ಬಿರುಗಾಳಿಯನ್ನು ಎಬ್ಬಿಸುವುದನ್ನು 2006ರಿಂದೀಚೆಗೆ ವೈದ್ಯರು ಬಲ್ಲರು.

ಎಲ್ಲ ದೋಷಗಳೂ ವೈರಾಣುವಿನ ಎದುರು ದೇಹವನ್ನು ದುರ್ಬಲಗೊಳಿಸುವುದಿಲ್ಲ. ಐಎಸ್‌ಜಿ-15 ಎಂಬ ಪ್ರೋಟೀನಿಲ್ಲದೆ ಹುಟ್ಟಿದವರಲ್ಲಿ ಇಂಟರ್‌ಫೆರಾನಿನ ಪ್ರಭಾವ ತಣ್ಣಗಾಗುವುದೇ ಇಲ್ಲವಾದ್ದರಿಂದ ಅವರ ಜೀವಕೋಶಗಳು ವೈರಾಣುಗಳನ್ನು ಹೆಚ್ಚು ಸಮರ್ಥವಾಗಿ ಎದುರಿಸುತ್ತವೆಂದು 2016ರಲ್ಲಿ ವರದಿಯಾಯಿತು. ಈ ಕ್ಷೇತ್ರದ ಅತ್ಯಂತ ಮಹತ್ವದ ಪಾಠವೂ ಇಲ್ಲಿಯೇ ಅಡಗಿದೆ: ಇಂಥ ರೋಗಿಗಳಿಗೆ ವೈರಾಣುವಿನ ಅಪಾಯ ಎಷ್ಟೋ ಸಲ ರೋಗದಿಂದಲ್ಲ, ಚಿಕಿತ್ಸೆಯಿಂದ ಹುಟ್ಟುತ್ತದೆ. ಇಂಟರ್‌ಫೆರಾನಿನ ಸಂಕೇತವನ್ನು ತಡೆಯುವ ಬ್ಯಾರಿಸಿಟಿನಿಬ್ ಎಂಬ ಔಷಧ ಪಡೆದವರಲ್ಲಿ ಉರಿಯೂತ ಇಳಿದು ಮಕ್ಕಳ ಬೆಳವಣಿಗೆ ಸುಧಾರಿಸಿತಾದರೂ, ಕೆಲವರಲ್ಲಿ ಸರ್ಪಸುತ್ತು ಕಾಣಿಸಿಕೊಂಡಿತು, ಮೂತ್ರಪಿಂಡದಲ್ಲಿ ಸುಪ್ತವಾಗಿರುವ ಬಿಕೆ ವೈರಾಣು ರಕ್ತದಲ್ಲಿ ಎದ್ದುಬಂತು ಎಂದು 2018ರ ವರದಿ ದಾಖಲಿಸಿದೆ. ಕೋವಿಡ್ ಕಾಲದಲ್ಲಿ ಕೌಟುಂಬಿಕ ಮೆಡಿಟರೇನಿಯನ್ ಜ್ವರವೊಂದೇ ಸೋಂಕನ್ನು ಉಲ್ಬಣಗೊಳಿಸಿತೆಂಬುದಕ್ಕೆ ಬಲವಾದ ಆಧಾರ ಸಿಗಲಿಲ್ಲ. ವಯಸ್ಸು, ಬೊಜ್ಜು, ಮೂತ್ರಪಿಂಡದ ಕಾಯಿಲೆಗಳೇ ಮುಖ್ಯವಾದವು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಇಂಥ ರೋಗಗಳಲ್ಲಿ ಹಲವು, ತಂದೆ-ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಅಕ್ಕನ ಮಗಳನ್ನು ತರುವುದು, ಸೋದರಮಾವ ಅಥವಾ ಸೋದರತ್ತೆಯ ಮಕ್ಕಳ ನಡುವೆ ಮದುವೆ ಮಾಡುವುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದ ಪದ್ಧತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮದುವೆಗಳಲ್ಲಿ ಶೇ. 27ರಷ್ಟು ರಕ್ತಸಂಬಂಧದೊಳಗೆ ನಡೆದಂಥವು. ಇದನ್ನು ಹೇಳುವುದು ಯಾವ ಕುಟುಂಬವನ್ನೂ ದೂರಲಿಕ್ಕಲ್ಲ. ಒಬ್ಬ ಪೋಷಕರಿಂದಲೇ ಬರುವ ಸ್ವಯಂ-ಉರಿಯೂತ ರೋಗಗಳೂ ಇವೆ, ಅವಕ್ಕೂ ಒಳಸಂಬಂಧಕ್ಕೂ ನಂಟಿಲ್ಲ. ಭಾರತದಲ್ಲಿಯೇ ಅಗರ್‌ವಾಲ್ ಸಮುದಾಯದಲ್ಲಿ ಒಂದೇ ಮೂಲದ ದೋಷದಿಂದ ಎಡಿಎ-2 ಎಂಬ ಪ್ರೋಟೀನಿನ ಕೊರತೆ ಕಾಣಿಸಿಕೊಂಡಿರುವುದು 2021ರಲ್ಲಿ ಪ್ರಕಟವಾಯಿತು; ರಕ್ತನಾಳಗಳು ಉರಿದು ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ತರಬಲ್ಲ ಈ ರೋಗವಿರುವ ಕೆಲವರಲ್ಲಿ ಪ್ರತಿಕಾಯಗಳೂ ಕಡಿಮೆಯಾಗಿ, ಹರ್ಪಿಸ್ ಮತ್ತು ನರುಲಿಯಂಥ ವೈರಾಣು ಬಾಧೆಗಳು ಅಂಟಿಕೊಳ್ಳುತ್ತವೆ.

ರಾಜ್ಯದಲ್ಲಿ 2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ, ದದ್ದು, ಕೀಲುನೋವು ಮೂರೂ ಕೂಡಿದ ಕಾಯಿಲೆಯೆಂದರೆ ಚಿಕೂನ್‌ಗುನ್ಯಾ ಅಥವಾ ಡೆಂಗ್ಯೂ ಎಂಬ ತೀರ್ಮಾನಕ್ಕೆ ಅಂದಿನಿಂದ ಜನ ಸುಲಭವಾಗಿ ಬರುತ್ತಾರೆ. ಸ್ವಯಂ-ಉರಿಯೂತ ರೋಗವಿರುವ ಮಗುವಿನ ದಾಳಿಯೂ ಹೊರನೋಟಕ್ಕೆ ಹಾಗೆಯೇ ಇರುವುದರಿಂದ, ಪ್ರತಿಸಲವೂ ಸಲಾಯಿನ್ ಏರಿಸಿ, ಆ್ಯಂಟಿಬಯೋಟಿಕ್ ಕೊಟ್ಟು ಕಳಿಸುವಲ್ಲಿ ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ನಿಲ್ಲದ ಉರಿಯೂತದಿಂದ ಅಮಿಲಾಯ್ಡ್ ಎಂಬ ಪ್ರೋಟೀನು ಮೂತ್ರಪಿಂಡದಲ್ಲಿ ಶೇಖರವಾಗಿ ಅದು ಕೆಡುವ ಅಪಾಯವಿದೆ.

ಬೇಕಾದ ಮೊದಲ ಸಾಧನಗಳು ತಾಲ್ಲೂಕು ಮಟ್ಟದಲ್ಲಿಯೇ ಇವೆ. ಜ್ವರ ಬಂದ ದಿನಾಂಕ, ಉಷ್ಣಾಂಶ, ಎಷ್ಟು ದಿನ ಇತ್ತು, ಜೊತೆಗೆ ಏನೇನು ಕಾಣಿಸಿತು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ಉರಿಯೂತವನ್ನು ಅಳೆಯುವ ಸಿಆರ್‌ಪಿ ರಕ್ತಪರೀಕ್ಷೆಯನ್ನು ಜ್ವರದಲ್ಲಿ ಒಮ್ಮೆ, ಜ್ವರವಿಲ್ಲದಾಗ ಒಮ್ಮೆ ಮಾಡಿಸುವುದು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆಯೇ ಎಂದು ನೋಡುವುದು: ಇವಿಷ್ಟು ದಾಖಲೆ ಕೈಯಲ್ಲಿದ್ದರೆ ಬೆಳಗಾವಿಯ ಅಥವಾ ಬೆಂಗಳೂರಿನ ತಜ್ಞರ ಕೆಲಸ ಅರ್ಧ ಹಗುರವಾಗುತ್ತದೆ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಡಿ ಗುರುತಿಸಲಾದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ರೋಗ ಖಚಿತವಾಗಿ ಚಿಕಿತ್ಸೆ ನಡೆದಿರುವ ಮಗುವಿಗೆ ಜ್ವರ ಬಂದರೆ, ಅದು ಹಳೆಯ ರೋಗವೇ ಎಂದು ಸುಮ್ಮನಿರುವುದೂ ಬೇಡ, ವೈರಲ್ ಎಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ. ಅದೇ ದಿನ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಬೇಕು, ಜೀವಂತ ವೈರಾಣುವಿರುವ ದಡಾರ, ಸೀತಾಳೆ ಸಿಡುಬಿನಂಥ ಲಸಿಕೆಗಳನ್ನು ಹಾಕಿಸುವ ಮುನ್ನವೂ ಅವರನ್ನೇ ಕೇಳಬೇಕು.