ಟೇಪಿನ ಅಂಚಿನ ಧ್ವನಿ

ನಮ್ಮ ಮನೆಯಲ್ಲಿ 1992ರ ಮದುವೆಯೊಂದರ ವಿಡಿಯೋ ಟೇಪು ಇದೆ. ಅದರಲ್ಲಿ ನಮ್ಮ ಸೋದರತ್ತೆ ಹಸೆಗೆ ಕರೆಯುವ ಹಾಡು ಹೇಳುತ್ತಾರೆ. ತುಟಿಗಳು ಅಲುಗುತ್ತವೆ, ಪಕ್ಕದ ಹೆಂಗಸರು ತಲೆದೂಗುತ್ತಾರೆ. ಕೇಳಿಸುವುದು ಮಾತ್ರ ಯಾವುದೋ ಸಿನಿಮಾದ ವಾದ್ಯಸಂಗೀತ. ಸಿಂಗಪುರದಿಂದ ಕ್ಯಾಮೆರಾ ತಂದಿದ್ದ ಬಂಧುವೊಬ್ಬರು ಮದುವೆಯ ಮರುದಿನ ರಾತ್ರಿ ಅದನ್ನು ಟೆಲಿವಿಷನ್ನಿಗೆ ಜೋಡಿಸಿ, ನಮ್ಮೆಲ್ಲರ ಎದುರಿಗೇ ಹೊಸ ಧ್ವನಿಯನ್ನು ಕೂಡಿಸಿದ್ದರು. ನಾವು ಚಪ್ಪಾಳೆ ತಟ್ಟಿದೆವು. ಅತ್ತೆಯೂ ತಟ್ಟಿದರು. ಅವರು ತೀರಿಕೊಂಡ ಮೇಲೆ ಆ ಚಪ್ಪಾಳೆ ನೆನೆದಾಗಲೆಲ್ಲ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಮನೆಮಂದಿ ತೆಗೆದುಕೊಳ್ಳುವ ಚಲಚ್ಚಿತ್ರ ಬಹುಕಾಲ ಮೂಕವಾಗಿಯೇ ಇತ್ತು. ಕೋಡಕ್ ಕಂಪನಿಯವರು 1965ರಲ್ಲಿ ಹೊರತಂದ ಸೂಪರ್ 8 ಫಿಲ್ಮಿಗೆ ಬಾಯಿ ಬಂದದ್ದು 1973ರಲ್ಲಿ, ಫಿಲ್ಮಿನ ಅಂಚಿಗೆ ಕಾಂತೀಯ ಪಟ್ಟಿ ಬಳಿದ ಮೇಲೆ. ಆಗಲೂ ಫಿಲ್ಮನ್ನು ತೊಳೆಯಲು ಕಳುಹಿಸಿ, ಕಾದು, ಕೋಣೆಯನ್ನು ಕತ್ತಲು ಮಾಡಿಕೊಂಡು ನೋಡಬೇಕಾಗಿತ್ತು. ವಿಡಿಯೋ ಟೇಪು ಈ ಪ್ರಯಾಸವನ್ನು ತಪ್ಪಿಸಿತು. ಆದರೆ ಒಮ್ಮೆಗೇ ಅಲ್ಲ. ಸೋನಿಯವರು 1983ರಲ್ಲಿ ಮಾರಿದ ಬೀಟಾಮೂವಿ ಎಂಬ ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತೇ ಹೊರತು ತೆಗೆದದ್ದನ್ನು ತೋರಿಸುತ್ತಿರಲಿಲ್ಲ. ನಮ್ಮಲ್ಲಿ ಅಡಿಗೆ ಮಾಡಿ ಬಡಿಸಲು ಪಕ್ಕದ ಮನೆಗೆ ಹೋದಂತೆ, ನೋಡಲು ಬೇರೊಂದು ಯಂತ್ರವೇ ಬೇಕು! 1984ರಲ್ಲಿ ಜೆವಿಸಿಯವರ ಜಿಆರ್-ಸಿ1 ಬಂದಾಗ ಒಂದೇ ಪೆಟ್ಟಿಗೆ ತೆಗೆಯುವ ಕೆಲಸವನ್ನೂ ತೋರಿಸುವ ಕೆಲಸವನ್ನೂ ವಹಿಸಿಕೊಂಡಿತು. ತಂತಿಯ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಟೆಲಿವಿಷನ್ನಿಗೆ: ಬೆಳಗಿನ ನಾಮಕರಣ ಸಂಜೆಗೆ ನಡುಮನೆಯಲ್ಲಿ ಮತ್ತೆ ನಡೆಯುತ್ತಿತ್ತು.

ಇನ್ನು ಧ್ವನಿಯ ಮಾತು. ವಿಎಚ್‌ಎಸ್ ಟೇಪಿನಲ್ಲಿ ಚಿತ್ರಕ್ಕೂ ಧ್ವನಿಗೂ ಒಂದೇ ಬಿಡಾರವಲ್ಲ. ಅರ್ಧ ಅಂಗುಲ ಅಗಲದ ಆ ಪಟ್ಟಿಯ ಮೇಲೆ, ನಮ್ಮ ದೇಶದ ಪದ್ಧತಿಯಲ್ಲಿ, ಸೆಕೆಂಡಿಗೆ 25 ಸುತ್ತು ತಿರುಗುವ ಉರುಳೆಯು ಚಿತ್ರವನ್ನು ಓರೆ ಗೆರೆಗಳಾಗಿ ಬರೆಯುತ್ತದೆ. ಧ್ವನಿಗೆ ದೊರೆತದ್ದು ಪಟ್ಟಿಯ ಮೇಲಂಚಿನಲ್ಲಿ ಒಂದು ಮಿಲಿಮೀಟರಿನಷ್ಟು ಜಾಗ, ಹೊಲದ ಬದುವಿನಂತೆ. ಅದನ್ನು ಬರೆಯುವುದು ಅಲುಗಾಡದೆ ನಿಂತ ಬೇರೊಂದು ಹೆಡ್ಡು. ಟೇಪು ಸಾಗುವ ವೇಗವೋ ಸೆಕೆಂಡಿಗೆ 2.34 ಸೆಂಟಿಮೀಟರು, ಹಾಡಿನ ಕ್ಯಾಸೆಟ್ಟಿನ ಅರ್ಧಕ್ಕೂ ಕಡಿಮೆ. ಹಳೆಯ ಮದುವೆ ಟೇಪುಗಳಲ್ಲಿ ಪುರೋಹಿತರು ಕಂಬಳಿ ಹೊದ್ದು ಮಂತ್ರ ಹೇಳಿದಂತೆ ಕೇಳುವುದು ಇದರಿಂದಲೇ.

ಆದರೆ ಬದುವಿನ ಮೇಲಿದ್ದದ್ದೇ ಒಂದು ಅನುಕೂಲವೂ ಆಯಿತು. ಹೊಲವನ್ನು ಮುಟ್ಟದೆ ಬದುವನ್ನಷ್ಟೇ ಮತ್ತೆ ಕೆತ್ತಬಹುದಲ್ಲವೆ? ಹಲವು ಕ್ಯಾಮೆರಾಗಳಲ್ಲಿ ‘ಆಡಿಯೋ ಡಬ್’ ಎಂಬ ಗುಂಡಿಯನ್ನಿಟ್ಟರು. ಟೆಲಿವಿಷನ್ ನೋಡುತ್ತ ಬೇಕಾದ ದೃಶ್ಯಕ್ಕೆ ಟೇಪನ್ನು ತಂದು ನಿಲ್ಲಿಸುವುದು, ಗುಂಡಿ ಒತ್ತುವುದು, ಮೈಕಿನಲ್ಲಿ ಮಾತನಾಡುವುದು ಅಥವಾ ಟೇಪ್ ರೆಕಾರ್ಡರಿನಿಂದ ಸಂಗೀತ ಹರಿಸುವುದು. ಟೆಲಿವಿಷನ್ನಿನ ಸದ್ದನ್ನು ತಗ್ಗಿಸಲು ಮರೆತು ಮೈಕನ್ನು ಅದರ ಹತ್ತಿರ ಹಿಡಿದರೆ ಕಿವಿ ಕೊರೆಯುವ ಊಳು! ಚಿತ್ರ ಹಾಗೆಯೇ ಉಳಿಯುತ್ತಿತ್ತು. ಅಂಚಿನ ಹಳೆಯ ಧ್ವನಿ ಮಾತ್ರ ಅಳಿಸಿಹೋಗುತ್ತಿತ್ತು. ಜನರೇಟರಿನ ಗದ್ದಲ, ಮಕ್ಕಳ ಅಳು, ಅಡಿಗೆಯವರ ಜಗಳ ಹೋಗಲಿ ಎಂದು ಒತ್ತಿದ ಗುಂಡಿಯಿಂದ ಅಜ್ಜಿಯ ದನಿಯೂ ಹೋಯಿತು.

1985ರಲ್ಲಿ ಸೋನಿಯವರ ಕ್ಯಾಮೆರಾ ಬಂದ ವಿಡಿಯೋ 8 ಪದ್ಧತಿಯಲ್ಲಿ ಸಾಮಾನ್ಯ ಧ್ವನಿಯನ್ನು ಚಿತ್ರದ ಗೆರೆಗಳಲ್ಲಿಯೇ ಬೆರೆಸಿಟ್ಟಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ತಿದ್ದುವಂತಿಲ್ಲ. ಕೊಂಡವರಲ್ಲಿ ಗೊಣಗಿದವರು ಇದ್ದರು. ಅವರ ಮನೆಯ ಹಿರಿಯರ ದನಿ ಉಳಿದದ್ದು ಆ ಕೊರತೆಯಿಂದ ಎನ್ನುವುದು ಸೋಜಿಗವೇ. 1995ರಲ್ಲಿ ಬಂದ ಡಿವಿ ಟೇಪು ನಾಲ್ಕು ವಾಹಿನಿಗಳ ಏರ್ಪಾಡನ್ನೂ ಒದಗಿಸಿತು: ಮೂಲಕ್ಕೆ ಎರಡು, ಆಮೇಲೆ ಸೇರಿಸಿದ್ದಕ್ಕೆ ಎರಡು. ಬೇಕಾದಂತೆ ಎರಡನ್ನೂ ಬೆರೆಸಿ ಕೇಳಬಹುದಾಗಿತ್ತು. ಈ ಬುದ್ಧಿ ಹತ್ತು ವರ್ಷ ಮುಂಚೆ ಬರಬೇಕಾಗಿತ್ತು.

ವಿಎಚ್‌ಎಸ್‌ನಲ್ಲಿಯೂ 1980ರ ದಶಕದ ನಡುವಿನ ಹೊತ್ತಿಗೆ ಹೈ-ಫೈ ಎಂಬ ಇನ್ನೊಂದು ಬಗೆ ಬಂದಿತ್ತು. ತಿರುಗುವ ಉರುಳೆಯ ಮೇಲೆಯೇ ಧ್ವನಿಯ ಹೆಡ್ಡುಗಳನ್ನು ಕೂರಿಸಿ, ಟೇಪಿನ ಲೇಪದ ಆಳದಲ್ಲಿ ಮೊದಲು ಧ್ವನಿಯನ್ನು ಬರೆದು, ಅದರ ಮೇಲೆ ಚಿತ್ರವನ್ನು ಬರೆಯುತ್ತಿದ್ದರು. ಇಂಥ ಕ್ಯಾಮೆರಾ ಅಂಚಿನಲ್ಲಿಯೂ ಅದೇ ಧ್ವನಿಯ ಪ್ರತಿಯೊಂದನ್ನು ಇಡುತ್ತಿತ್ತು. ಡಬ್ ಗುಂಡಿ ಬದಲಿಸುವುದು ಅಂಚನ್ನು ಮಾತ್ರ. ಆಳದಲ್ಲಿದ್ದದ್ದು ಹಾಗೆಯೇ ಕುಳಿತಿರುತ್ತದೆ. ಸಾಧಾರಣ ವಿಸಿಆರ್ ಓದುವುದು ಅಂಚನ್ನೇ ಆದ್ದರಿಂದ ಆಳದ ಧ್ವನಿ ಅದರ ಕಿವಿಗೆ ಬೀಳುವುದಿಲ್ಲ.

ಇದನ್ನು ತಿಳಿದಮೇಲೆ ಸಿಂಗಪುರದ ಬಂಧುವಿಗೆ ಫೋನು ಮಾಡಿದೆ. ಅವರ ಕ್ಯಾಮೆರಾ ಹೈ-ಫೈ! ಇನ್ನು ಬೇಕಾದದ್ದು ಅಂಥದೇ ವಿಸಿಆರ್. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನೇ ನಿಲ್ಲಿಸಿದ್ದರಿಂದ ಹೊಸದರ ಆಸೆ ಇರಲಿಲ್ಲ. ಹಳೆಯ ರಿಪೇರಿ ಅಂಗಡಿಯೊಂದರಲ್ಲಿ, ಧೂಳು ಹೊದ್ದು, ಒಂದು ಸಿಕ್ಕಿತು. ರಿಪೇರಿಯವರು ಹೆಡ್ಡನ್ನು ಒರೆಸಿ, ನಮ್ಮ ಟೇಪು ಹಾಕಿ, ಗುಂಡಿಯನ್ನು ‘ಹೈ-ಫೈ’ಗೆ ತಿರುಗಿಸಿದರು. ಮೊದಲು ಎಣ್ಣೆಗೆ ಸಾಸಿವೆ ಬಿದ್ದಂತೆ ಪಟಪಟ ಸದ್ದು. ಟ್ರ್ಯಾಕಿಂಗ್ ಸರಿಮಾಡಿದ ಮೇಲೆ ಸಿನಿಮಾ ಸಂಗೀತ ಮಾಯವಾಗಿ ಛತ್ರದ ಗದ್ದಲ, ಜನರೇಟರು, ಅದರ ನಡುವೆ ಅತ್ತೆಯ ದನಿ.

ಎರಡನೆಯ ನುಡಿಯಲ್ಲಿ ಯಾರೋ “ಅಕ್ಷತೆ ತಟ್ಟೆ ಎಲ್ಲಿ?” ಎಂದು ಕೂಗುತ್ತಾರೆ. ಅತ್ತೆ ಹಾಡು ನಿಲ್ಲಿಸಿ, “ಉಗ್ರಾಣದಲ್ಲಿದೆ ಕಣೋ” ಎಂದು ಹೇಳಿ, ಬಿಟ್ಟಲ್ಲಿಂದ ಮತ್ತೆ ಎತ್ತಿಕೊಳ್ಳುತ್ತಾರೆ.