ಫಿಲಡೆಲ್ಫಿಯದ ಎಂಟು ವಾರಗಳು

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ಹೆಸರುಗಳನ್ನೇ ಒಂದಾದ ಮೇಲೊಂದರಂತೆ ಹೇಳಿಕೊಂಡು ಹೋಗುವರು. ಅವುಗಳನ್ನು ಕಟ್ಟುವ ವಿದ್ಯೆಯು ಒಬ್ಬರಿಂದೊಬ್ಬರಿಗೆ ಹೇಗೆ ಸಂಕ್ರಮಿಸಿತೆಂಬುದನ್ನು ವಿಚಾರಿಸುವವರು ವಿರಳ. ಆ ವಿದ್ಯೆಯು ಕ್ರಮವಾದ ಪಾಠದ ರೂಪವನ್ನು ಮೊದಲು ತಾಳಿದುದು 1946ನೆಯ ಇಸವಿಯಲ್ಲಿ, ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೂರ್ ವಿದ್ಯುಚ್ಛಾಸ್ತ್ರ ಶಾಲೆಯಲ್ಲಿ.

ಕಥೆಯು ಐದು ವರ್ಷ ಹಿಂದಿನಿಂದ ಆರಂಭವಾಗುತ್ತದೆ. 1941ರ ಬೇಸಗೆಯಲ್ಲಿ ಆ ಶಾಲೆಯು ಯುದ್ಧಕಾಲಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ವಿದ್ಯೆಯನ್ನು ಕಲಿಸುವ ಒಂದು ವರ್ಗವನ್ನು ನಡೆಸಿತು. ಜಾನ್ ಮಾಕ್ಲಿ ಎಂಬವರು ಅದಕ್ಕೆ ವಿದ್ಯಾರ್ಥಿಯಾಗಿ ಬಂದರು. ಅವರಿಗೆ ಆಗ 33 ವರ್ಷ. ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಒಂದು ಸಣ್ಣ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಪ್ರಯೋಗಶಾಲೆಯಲ್ಲಿ ಅವರಿಗೆ ಪಾಠ ಹೇಳಿದವನು ಪ್ರೆಸ್ಪರ್ ಎಕರ್ಟ್ ಎಂಬ 22 ವರ್ಷದ ತರುಣ, ಆಗತಾನೆ ಮೊದಲ ಪದವಿಯನ್ನು ಮುಗಿಸಿದ್ದವನು. ಪಂಡಿತನಾದವನು ತನಗಿಂತ ಕಿರಿಯನ ಎದುರಿಗೆ ಕುಳಿತು ಕಲಿಯುವುದು ಸುಲಭವಾದ ಕೆಲಸವಲ್ಲ. ಮಾಕ್ಲಿಯವರು ಕುಳಿತರು; ಇಬ್ಬರಿಗೂ ಸ್ನೇಹ ಬೆಳೆಯಿತು. 1943ರಲ್ಲಿ ಸೈನ್ಯದ ಹಣದಿಂದ ಇವರಿಬ್ಬರೂ ಎನಿಯಾಕ್ ಎಂಬ ಯಂತ್ರವನ್ನು ಕಟ್ಟತೊಡಗಿದಾಗ, ಅದರ ಮುಖ್ಯ ಇಂಜಿನಿಯರನಾದ ಎಕರ್ಟ್‌ಗೆ ವಯಸ್ಸು 24. ಮಾಸ್ಟರ್ ಪದವಿಯನ್ನು ಪಡೆದುದೂ ಆ ವರ್ಷವೇ.

ಸುಮಾರು 18,000 ವಾಲ್ವುಗಳುಳ್ಳ, 30 ಟನ್ ತೂಕದ ಆ ಯಂತ್ರವು 1946ರ ಫೆಬ್ರವರಿಯಲ್ಲಿ ಲೋಕದ ಕಣ್ಣಿಗೆ ಬಿದ್ದಿತು. ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡಬಲ್ಲುದಾದರೂ ಅದಕ್ಕೊಂದು ದೊಡ್ಡ ಕೊರತೆಯಿದ್ದಿತು. ಒಂದು ಲೆಕ್ಕವನ್ನು ಬಿಟ್ಟು ಬೇರೊಂದನ್ನು ಮಾಡಿಸಬೇಕಾದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಜೋಡಿಸಿ, ಸ್ವಿಚ್ಚುಗಳನ್ನು ತಿರುಗಿಸಿ ದಿನಗಟ್ಟಲೆ ಕಷ್ಟಪಡಬೇಕಾಗಿದ್ದಿತು. ಯಂತ್ರವಿನ್ನೂ ಮುಗಿಯದಿರುವಾಗಲೇ ಅದರ ಕರ್ತರಿಗೆ ಇದು ತಿಳಿದಿದ್ದಿತು. ಮುಂದಿನ ಯಂತ್ರವಾದ ಎಡ್ವಾಕ್‌ಗೆ ಅವರು ಬೇರೆ ಮಾರ್ಗವನ್ನು ಆಲೋಚಿಸಿದರು: ಸಂಖ್ಯೆಗಳನ್ನಿಡುವ ಸ್ಮರಣೆಯಲ್ಲಿಯೇ ಲೆಕ್ಕವನ್ನು ಮಾಡತಕ್ಕ ವಿಧಿವಾಕ್ಯಗಳನ್ನೂ ಇಟ್ಟುಬಿಡುವುದು. ಹುಡುಗನು ಲೆಕ್ಕವನ್ನೂ ಅದರ ಸೂತ್ರವನ್ನೂ ಒಂದೇ ಹಲಗೆಯ ಮೇಲೆ ಬರೆದುಕೊಂಡಂತೆ. ಇಂದು ನಮ್ಮ ಮೊಮ್ಮಕ್ಕಳ ಕೈಯಲ್ಲಿರುವ ಪೆಟ್ಟಿಗೆಗಳವರೆಗೂ ನಡೆದುಬಂದಿರುವುದು ಈ ಉಪಾಯವೇ.

ಈ ಉಪಾಯವು ಯಾರದು? ವಿವಾದವು ಇಲ್ಲಿ ಹುಟ್ಟಿತು. 1944ರಲ್ಲಿ ಪ್ರಸಿದ್ಧ ಗಣಿತಜ್ಞರಾದ ಜಾನ್ ಫಾನ್ ನಾಯ್ಮನ್ ಈ ಬಳಗವನ್ನು ಸೇರಿದರು. ಗುಂಪಿನ ಚರ್ಚೆಗಳ ಸಾರವನ್ನು ಅವರು 1945ರ ಜೂನಿನಲ್ಲಿ ಒಂದು ಕರಡುಲೇಖವಾಗಿ ಬರೆದರು. ಸೈನ್ಯದ ಪರವಾಗಿದ್ದ ಗೋಲ್ಡ್‌ಸ್ಟೈನ್ ಎಂಬವರು ಅದರ ಪ್ರತಿಗಳನ್ನು ಹಂಚಿದರು. ಮೇಲೆ ಇದ್ದುದು ಫಾನ್ ನಾಯ್ಮನ್ನರ ಹೆಸರೊಂದೇ. ಲೇಖವು ಅಸಾಧಾರಣವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಲ್ವರು ಕುಳಿತು ವಾಕ್ಯಾರ್ಥ ನಡೆಸಿ ನಿಶ್ಚಯಿಸಿದ ಸಿದ್ಧಾಂತವನ್ನು ಒಬ್ಬರ ಹೆಸರಿನಲ್ಲಿ ಹೊರಡಿಸಿದುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇತ್ತ ವಿಶ್ವವಿದ್ಯಾನಿಲಯವು ಪೇಟೆಂಟಿನ ಹಕ್ಕುಗಳನ್ನು ತನಗೆ ಬಿಟ್ಟುಕೊಡಬೇಕೆಂದು ನೌಕರರನ್ನು ಕೇಳಿತು. ಎಕರ್ಟ್, ಮಾಕ್ಲಿ ಇಬ್ಬರೂ ಒಪ್ಪದೆ 1946ರ ಮಾರ್ಚಿಯ ಕೊನೆಗೆ ಕೆಲಸವನ್ನು ಬಿಟ್ಟು ಹೊರಟುಹೋದರು. ಶಿಷ್ಯನಿಗೆ ಕೊಡದೆ ಗುರುವು ಬಿಗಿಹಿಡಿದುಕೊಂಡ ವಿದ್ಯೆಗೆ ಆಚಾರ್ಯಮುಷ್ಟಿ ಎಂದು ನಮ್ಮಲ್ಲಿ ಹಳೆಯ ಹೆಸರುಂಟು. ಇಲ್ಲಿ ಮುಷ್ಟಿಯನ್ನು ಬಿಗಿದವರು ಎರಡು ಕಡೆಯಲ್ಲಿಯೂ ಇದ್ದರು.

ಆಶ್ಚರ್ಯವೆಂದರೆ, ಅದೇ ಶಾಲೆಯು ಅದೇ ವರ್ಷ ಜುಲೈ 8ರಿಂದ ಆಗಸ್ಟ್ 31ರವರೆಗೆ ಎಂಟು ವಾರಗಳ ಗೋಷ್ಠಿಯನ್ನು ಏರ್ಪಡಿಸಿತು. ಆಹ್ವಾನ ಪಡೆದು ಬಂದವರು 28 ಮಂದಿ, ಉಪನ್ಯಾಸಗಳು 48. ಬಿಟ್ಟುಹೋಗಿದ್ದ ಎಕರ್ಟ್, ಮಾಕ್ಲಿ ಅವರನ್ನೇ ಉಪನ್ಯಾಸಕ್ಕೆ ಕರೆಸಲಾಯಿತು, ಅವರು ಬಂದರು. ಗೋಲ್ಡ್‌ಸ್ಟೈನ್, ಬರ್ಕ್ಸ್, ಹಾರ್ವರ್ಡಿನ ಐಕೆನ್, ಇಂಗ್ಲೆಂಡಿನ ಹಾರ್‌ಟ್ರೀ ಇವರೂ ಮಾತನಾಡಿದರು. ಕೇಳುವವರಲ್ಲಿ ಬಹುಮಂದಿ ತಾವೇ ಕಲಿತವರು. ಎಳೆಯರಿಗೆ ಹೇಳುವ ಪಾಠದಂತಲ್ಲದೆ ಪೂರ್ವಪಕ್ಷ, ಉತ್ತರಪಕ್ಷಗಳಿಗೆ ಎಡೆಯಿದ್ದ ಸಭೆ ಅದು.

ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್ ಎಂಬವರ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಆ ವರ್ಷದ ಮೇ ತಿಂಗಳಲ್ಲಿ ಫಾನ್ ನಾಯ್ಮನ್ನರ ಕರಡು ಅವರ ಕೈಗೆ ಒಂದು ರಾತ್ರಿಯ ಮಟ್ಟಿಗೆ ಸಿಕ್ಕಿತು. ಮರುದಿನ ಹಿಂದಕ್ಕೆ ಕೊಡಬೇಕು; ಈಗಿನಂತೆ ಕ್ಷಣದಲ್ಲಿ ನಕಲು ತೆಗೆಯುವ ಸಾಧನ ಆಗ ಇಲ್ಲ. ನಿದ್ದೆಗೆಟ್ಟು ಓದಿದರು. ಫಿಲಡೆಲ್ಫಿಯದಿಂದ ಕರೆ ಬಂದಾಗ, ಯುದ್ಧದ ಮರುವರ್ಷ, ಹಡಗಿನಲ್ಲಿ ಸ್ಥಳ ದೊರೆಯುವುದು ತಡವಾಗಿ, ಗೋಷ್ಠಿಯ ಕೊನೆಯ ಎರಡು ವಾರಗಳಿಗೆ ಮಾತ್ರ ಅವರು ತಲುಪಿದರು. ಅಷ್ಟು ಸಾಕಾಯಿತು. ಹಿಂದಿರುಗುವಾಗ ಹಡಗಿನಲ್ಲಿಯೇ ಹೊಸ ಯಂತ್ರದ ಚಿತ್ರಗಳನ್ನು ಬರೆಯತೊಡಗಿದರು. ಸ್ಮರಣೆಗೆ ಅವರು ಆರಿಸಿಕೊಂಡುದು ಎಕರ್ಟರು ಕಲ್ಪಿಸಿದ್ದ ಪಾದರಸದ ನಾಳಗಳನ್ನು. ಎಡ್ಸಾಕ್ ಎಂಬ ಆ ಯಂತ್ರವು 1949ರ ಮೇ 6ರಂದು 0 ಮೊದಲ್ಗೊಂಡು 99ರವರೆಗಿನ ವರ್ಗಸಂಖ್ಯೆಗಳ ಕೋಷ್ಟಕವನ್ನು ಅಚ್ಚುಹಾಕಿತು. ಫಿಲಡೆಲ್ಫಿಯದ ಎಡ್ವಾಕ್ ಕೆಲಸಕ್ಕೆ ಬಂದುದಾದರೋ 1951ರಲ್ಲಿ. ಕೇಂಬ್ರಿಡ್ಜಿನಲ್ಲಿ 1953ರಲ್ಲಿ ಗಣಕವಿದ್ಯೆಗೆ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮವೂ ಏರ್ಪಟ್ಟಿತು.

ಪೇಟೆಂಟಿನ ಗತಿಯೇನಾಯಿತು? 1947ರಲ್ಲಿ ಬೇಡಿದ ಎನಿಯಾಕ್ ಪೇಟೆಂಟು ದೊರೆತುದು 1964ರಲ್ಲಿ. 1973ರ ಅಕ್ಟೋಬರ್ 19ರಂದು ಮಿನಿಯಾಪೊಲಿಸ್ ನಗರದ ನ್ಯಾಯಾಲಯವು ಅದನ್ನು ಅಸಿಂಧುವೆಂದು ತೀರ್ಪು ಮಾಡಿತು. ಆ ಹಂಚಿದ ಕರಡುಲೇಖವು ಅರ್ಜಿಗೆ ಒಂದು ವರ್ಷಕ್ಕಿಂತ ಮುಂಚೆಯೇ ಪ್ರಕಟವಾದ ಗ್ರಂಥವೆಂಬುದೊಂದು ಕಾರಣ. ಇನ್ನೊಂದು ಕಾರಣವು ಅಯೋವ ಪ್ರಾಂತದಿಂದ ಬಂದುದು. ಅಲ್ಲಿಯ ಪ್ರೊಫೆಸರ್ ಅಟನಾಸಾಫ್ ವಾಲ್ವುಗಳಿಂದ ಲೆಕ್ಕಮಾಡುವ ಚಿಕ್ಕ ಯಂತ್ರವೊಂದನ್ನು 1939ರಲ್ಲಿಯೇ ಆರಂಭಿಸಿದ್ದರು. ಮಾಕ್ಲಿಯವರು 1941ರ ಜೂನಿನಲ್ಲಿ, ಮೂರ್ ಶಾಲೆಯ ವರ್ಗಕ್ಕೆ ಬರುವ ಮುನ್ನ, ಅವರ ಮನೆಗೆ ಹೋಗಿ ಕೆಲವು ದಿನವಿದ್ದು ಅದನ್ನು ನೋಡಿ ಬಂದಿದ್ದರು. ಮಾಕ್ಲಿಯವರು ಅಲ್ಲಿಂದ ಎಷ್ಟು ತಂದರೆಂಬುದನ್ನು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ.

ಆ ಅಯೋವದ ಯಂತ್ರವನ್ನು ಪ್ರೊಫೆಸರರ ಜೊತೆಗೆ ನಿಂತು ಕೈಯಾರೆ ಕಟ್ಟಿದವನು ಕ್ಲಿಫರ್ಡ್ ಬೆರಿ ಎಂಬ ಸ್ನಾತಕೋತ್ತರ ವಿದ್ಯಾರ್ಥಿ. ಈಗ ಆ ಯಂತ್ರಕ್ಕೆ ಗುರುಶಿಷ್ಯರಿಬ್ಬರ ಹೆಸರೂ ಇದೆ. ತೀರ್ಪು ಬರುವ ವೇಳೆಗೆ ಬೆರಿ ತೀರಿಕೊಂಡು ಹತ್ತು ವರ್ಷಗಳಾಗುತ್ತ ಬಂದಿದ್ದವು.